ಹದಿನೇಳನೇ ಬ್ಲಾಕಿನ ಮುಳ್ಳು

ನಾಲ್ಕೂಕಾಲಿಗೆ ಶಟರ್ ಎತ್ತುತ್ತೇನೆ.
ಫಕಾಟಟಿವಾ ರಸ್ತೆ ಆಗ ಬರೀ ಮಂಜು,
ರೈಲೇ ಬಾರದ ರೈಲುಗೇಟು, ನೀಲಗಿರಿ ಮರಗಳ ವಾಸನೆ,
ಒಲೆಯ ಮೇಲೆ ಬೆಲ್ಲದ ನೀರಿನ ಗುಳುಗುಳು.
ಆ ಹೊತ್ತಿನಲ್ಲಿ ಕಣ್ಣಿಗೆ ಕೆಲಸವಿಲ್ಲ.
ಕಿವಿಯಿಂದಲೇ ಹಾಜರಿ ತೆಗೆದುಕೊಳ್ಳುತ್ತೇನೆ.

ಮಡ್‌ಗಾರ್ಡ್ ಲಟಲಟ ಅಂದರೆ ಎರ್ಮೆಲಿಂಡಾ,
ಒಂದು ನಟ್ಟು ಸಾಕು ಅಂತ ಮೂರು ಸಲ ಹೇಳಿದ್ದೇನೆ.
ಸೀಟಿನ ಸ್ಪ್ರಿಂಗು ಉಸಿರಿಗೊಮ್ಮೆ ಕೀಂಯ್ ಅಂದರೆ
ಔಷಧಿ ಹೊಡೆಯುವ ದಪ್ಪ ಓನೊಫ್ರೆ;
ಕೆಮ್ಮು ಮೊದಲು ಬರುತ್ತದೆ, ಸೈಕಲ್ ಆಮೇಲೆ.
ಸದ್ದೇ ಇಲ್ಲದೆ ಸರ್ರನೆ ಹಾದುಹೋದದ್ದು
ಹೊಸ ಹುಡುಗನ ಹೊಸ ಸೈಕಲ್,
ಕಂತು ಇನ್ನೂ ಮುಗಿದಿಲ್ಲ.

ಎಲ್ಲರೂ ಹೂವಿನ ತೋಟಕ್ಕೆ.
ಸಾಲು ಸಾಲು ಪ್ಲಾಸ್ಟಿಕ್ಕಿನ ಮನೆಗಳೊಳಗೆ
ಗುಲಾಬಿ, ಗುಲಾಬಿ, ಮತ್ತೆ ಗುಲಾಬಿ.
ಫೆಬ್ರವರಿಯಲ್ಲಿ ಯಾರದೋ ದೇಶಕ್ಕೆ ಪ್ರೀತಿಯ ದಿನ,
ಇಲ್ಲಿ ಹದಿನಾರು ಗಂಟೆಯ ದಿನ.

ನೂಬಿಯಾಳದು ಯಾವುದೆಂದು ಹೇಳಲೇ?
ಚೈನು ಪ್ರತಿ ಸುತ್ತಿಗೂ ಒಂದೇ ಕಡೆ ಚಟ್ ಅನ್ನುತ್ತದೆ,
ಯಾರೋ ಕತ್ತಲಲ್ಲಿ ಕಡಲೆಕಾಯಿ ಬಿಡಿಸುತ್ತ ಬಂದ ಹಾಗೆ.
ಆ ದಿನ ಚಟ್ ಕೇಳಲಿಲ್ಲ.
ಕೇಳಿದ್ದು ಬೂಟಿನ ಹೆಜ್ಜೆ, ಅವಸರದ್ದು,
ಜೊತೆಗೆ ಗಾಳಿ ಹೋದ ರಬ್ಬರಿನ ತಪತಪ.

‘ಎಲಿಯೆಸೆರ್, ಬೇಗ.’
ಅಷ್ಟೇ. ನಮಸ್ಕಾರವಿಲ್ಲ.
ಐದಕ್ಕೆ ತೋಟದ ಗೇಟು. ಐದು ದಾಟಿದರೆ ಅರ್ಧ ದಿನಕ್ಕೆ ಕತ್ತರಿ.
ಟಯರಿನ ಹೊಟ್ಟೆಯೊಳಗೆ ಬೆರಳು ಹಾಯಿಸಿದೆ.
ಗಾಜಲ್ಲ, ಮೊಳೆಯಲ್ಲ. ಮುಳ್ಳು.
ಬಲ್ಬಿಗೆ ಹಿಡಿದು ನೋಡಿದಳು, ಅಕ್ಕಸಾಲಿಗ ಹರಳು ನೋಡುವಂತೆ.
‘ಹದಿನೇಳನೇ ಬ್ಲಾಕು. ಕೆಂಪು.
ಈ ಕೊಂಕು ಇನ್ಯಾವುದಕ್ಕೂ ಇಲ್ಲ.
ಬೂಟಿಗಂಟಿ ನನ್ನ ಜೊತೆ ಮನೆಗೇ ಬಂದಿದೆ, ಹಾಳಾದ್ದು.
ಇಪ್ಪತ್ತೆರಡು ವರ್ಷ ಕೈ ತಿಂದದ್ದು ಸಾಲಲಿಲ್ಲ ಇದಕ್ಕೆ.’
ನಕ್ಕಳು. ನಗುವಾಗಲೂ ಗಡಿಯಾರ ನೋಡಿದಳು.

ಪ್ಯಾಚು ಒಣಗಲು ಹತ್ತು ನಿಮಿಷ ಬೇಕು.
ಅಂಟಿಗೆ ಯಾರ ಅವಸರವೂ ತಿಳಿಯುವುದಿಲ್ಲ.
ಗೋಡೆಗೊರಗಿದ್ದ ನನ್ನದನ್ನೇ ಅವಳ ಕಡೆ ತಳ್ಳಿದೆ,
ಗಂಡಸರ ಸೈಕಲ್, ನಡುವೆ ಅಡ್ಡಕೋಲು.
ಹೊದ್ದ ಕಂಬಳಿ ಎತ್ತಿ ಕಟ್ಟಿ ಕಾಲು ಬೀಸಿ ಹತ್ತಿದಳು,
ಮಂಜು ನುಂಗಿಕೊಂಡಿತು.
ಬುತ್ತಿ ನನ್ನ ಬೆಂಚಿನ ಮೇಲೇ ಉಳಿಯಿತು.

ಹಗಲೆಲ್ಲ ಅವಳ ಸೈಕಲ್ ತಲೆಕೆಳಗಾಗಿ ನನ್ನೆದುರು.
ಪಂಕ್ಚರ್ ಹಾಕಿದೆ. ಸವೆದ ಬ್ರೇಕ್ ರಬ್ಬರು ಬದಲಿಸಿದೆ.
ಚಟ್ ಅನ್ನುವ ಕೊಂಡಿಯೂ ಸಿಕ್ಕಿತು,
ಇಡೀ ಸರಪಳಿಯಲ್ಲಿ ಸೆಟೆದುಕೊಂಡ ಒಂದೇ ಕೊಂಡಿ.
ಎರಡು ಹನಿ ಎಣ್ಣೆ, ನಾಲ್ಕು ಸಲ ಆಚೀಚೆ ಮಣಿಸಿದರೆ ಮುಗಿಯಿತು.
ಇಕ್ಕಳ ಹಿಡಿದವನು ಹಾಗೇ ಕೂತೆ.
ನಾಳೆ ಮಂಜಿನಲ್ಲಿ ಅವಳನ್ನು ಹೇಗೆ ಗುರುತಿಸಲಿ?
ಇಕ್ಕಳ ಡಬ್ಬಿಗೆ ಹಾಕಿದೆ.

ರಾತ್ರಿ ಒಂಬತ್ತೂವರೆ.
ಎರ್ಮೆಲಿಂಡಾ ಹೋದಳು, ಲಟಲಟ.
ಓನೊಫ್ರೆಯ ಕೆಮ್ಮು ಹೋಯಿತು, ಹಿಂದೆಯೇ ಓನೊಫ್ರೆ.
ಆಮೇಲೆ ಗೇಟಿನಾಚೆಯಿಂದ ಗೊತ್ತಿಲ್ಲದ ಸದ್ದೊಂದು:
ಕಿರಕಿರ ಒಣ ಚೈನು,
ಹಿಂದಿನ ಚಕ್ರ ಎಲ್ಲೋ ಉಜ್ಜುತ್ತ ಉಶ್, ಉಶ್,
ಬೆಲ್ಲಿನೊಳಗೆ ಏನೋ ಸಡಿಲಾಗಿ ಗುಂಡಿಗೊಂದು ಟಿಂಗ್.
ಮೂವತ್ತು ವರ್ಷದಲ್ಲಿ ನಾನು ಕೇಳದ ಸೈಕಲ್.
ಯಾರಪ್ಪಾ ಇವನು, ಎಣ್ಣೆಯ ಮುಖ ತೋರಿಸದೆ
ಬಡಪಾಯಿ ಗಾಡಿಗೆ ಇಷ್ಟು ಹಿಂಸೆ ಕೊಡುವವನು,
ಬರಲಿ, ಎರಡು ಮಾತು ಅಂದೇಬಿಡೋಣ ಅಂತ
ಎಣ್ಣೆಡಬ್ಬಿ ಹಿಡಿದು ರಸ್ತೆಗಿಳಿದೆ.

ಅಡ್ಡಕೋಲಿನ ಮೇಲಿಂದ ಕಾಲು ಬೀಸಿ ಇಳಿದಳು.
‘ಮಧ್ಯಾಹ್ನ ಎರ್ಮೆಲಿಂಡಾ ಅರ್ಧ ಕೊಟ್ಟಳು.
ಎಲ್ಲಿ, ನನ್ನ ಬುತ್ತಿ?’

ಆಲೂಗಡ್ಡೆ ಚೆನ್ನಾಗಿ ಬೆಂದಿತ್ತು ಅಂದೆ,
ನನ್ನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತ.